ಏಳನೆಯ ಚಿಪ್ಪು

ಮದ್ದು ಅಂದರೆ ನಮ್ಮ ಮನೆಯಲ್ಲಿ ಈವರೆಗೆ
ಅಮ್ಮನ ದಮ್ಮಿಗೆ ಜೇನಲ್ಲಿ ತೇದು ಕೊಡುವುದು.
ಇವತ್ತಿನದು ಬೇರೆ. ಬೂದು ಚೂರು,
ಗಸಗಸೆಯ ಹಾಗೆ ಉರುಳಿ ಉರುಳಿ ಜಾರುವಂಥದು,
ಲೋಬೋ ಮೇಷ್ಟ್ರ ಹಿಂದಿನ ಕೋಣೆಯ ಮೇಜಿನ ಮೇಲೆ
ಒಂದೇ ಡಬ್ಬಿ.
"ಎರಡನೇ ಡಬ್ಬಿ ಈ ಕೋಣೆಗೆ ಬಂದ್ರೆ ನಾನು ಹೊರಗೆ."

ಸಿಪ್ರಿಯನ್ ಲೋಬೋ. ಮೂವತ್ತೊಂದು ವರ್ಷ
ಮೀಸಲು ಪಡೆಯ ಬಂದೂಕು ಬಿಚ್ಚಿ ಜೋಡಿಸಿದವರು.
ಎಡಗಿವಿ ಕೇಳುವುದಿಲ್ಲ, ಗುಟ್ಟನ್ನೂ ಕೂಗಿಯೇ ಹೇಳುತ್ತಾರೆ.
ನನ್ನನ್ನು ಆಚಾರಿ ಅನ್ನುತ್ತಾರೆ.
ಬಸವನಹಳ್ಳಿ ರಸ್ತೆಯ ನಮ್ಮ ಅಂಗಡಿಯಲ್ಲಿ
ಹದಿನಾಲ್ಕು ವರ್ಷದಿಂದ ಊದುಗೊಳವೆ ಹಿಡಿದವಳು ನಾನು,
ಗಿರಾಕಿಗಳು ಇವತ್ತಿಗೂ ಕೇಳುವುದು
"ಅಪ್ಪ ಇಲ್ವೇನಮ್ಮ?"

ಲೈಸೆನ್ಸು, ಕ್ಲಬ್ಬಿನ ಪತ್ರ, ಡಿಸಿ ಕಚೇರಿಯ ಮೊಹರು
ಬೆರಳಿಟ್ಟು ಓದಿದರು. ಆಮೇಲೆ ಕೇಳಿದರು:
"ರಾತ್ರಿ ನಿದ್ದೆ ಬಂತಾ? ಬೆಳಿಗ್ಗೆ ಯಾರ ಹತ್ರ ಜಗಳ?"
ಮೊಬೈಲು ಹೊರಗಿನ ಕಿಟಕಿಗೆ, ಕನ್ನಡಕ ಕಣ್ಣಿಗೆ.
ಪಡಸಾಲೆಯಲ್ಲಿ ಮಾತೆ ಮರಿಯಳ ಮುಂದಿದ್ದ ಮೊಂಬತ್ತಿಯನ್ನೂ
ಶಿಲುಬೆ ಗುರುತು ಮಾಡಿ, ಊದಿ ಬಂದರು.

ತ್ರಾಸು ನಾನೇ ಒಯ್ದಿದ್ದೆ, ಅಜ್ಜನದು,
ಗುಲಗಂಜಿ ಇಟ್ಟು ತಾಳಿ ತೂಗಿದ್ದು.
ಮುಟ್ಟಿ ನಮಸ್ಕಾರ ಮಾಡಿ ಪಕ್ಕಕ್ಕಿಟ್ಟರು. "ಇದು ಚಿನ್ನಕ್ಕೆ."
ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆಯನ್ನು
ಎಷ್ಟೋ ಸಲ ನಗುತ್ತಾ ನುಂಗಿದ ಕೈ ನನ್ನದು.
ಇಲ್ಲಿ ಕದಿಯುವಂತಿಲ್ಲ. ಕೊಡುಗೈಯೂ ಸಲ್ಲದು.
ಕಡಿಮೆಯಾದರೆ ಗುಂಡು ನಳಿಗೆಯ ನಡುವೆ ಕೂತು
ಹಿಂದೆ ಬರುವ ತಮ್ಮನಿಗೆ ಕಾಯುತ್ತದೆ.
ಹೆಚ್ಚಾದರೆ?
ಮೇಷ್ಟ್ರು ಮಾತಾಡಲಿಲ್ಲ. ಗೋಡೆಯ ಮೊಳೆಗೆ ತೂಗುಹಾಕಿದ್ದ
ಬಾಳೆಹೂವಿನ ಹಾಗೆ ಎಸಳು ಬಿಚ್ಚಿಕೊಂಡ
ಒಂದು ಕಬ್ಬಿಣದ ನಳಿಗೆ ತೋರಿಸಿದರು.

ಪಡ್ಡಿನ ಕಾವಲಿಯಂಥ ಹಲಗೆ, ಗುಳಿಗೊಂದು ಹಿತ್ತಾಳೆ ಚಿಪ್ಪು.
ಪುಸ್ತಕದ ಅಂಕಿ ನೋಡು, ತೂಗು, ಸುರಿ, ಮತ್ತೆ ಅಂಕಿ ನೋಡು.
ಆರು ಆಯಿತು. ಏಳರ ಹೊತ್ತಿಗೆ
ಕಿಟಕಿಯಲ್ಲಿ ಫೋನು ಜೀರುಂಡೆಯಂತೆ ಗುಂಯ್ ಅಂತು.
ನೋಡಲಿಲ್ಲ. ಮಲ್ಲಂದೂರಿನ ಮದುವೆಯವರಿರಬೇಕು,
ಮೂಗುತಿಗೆ ಹರಳು ಕೂರಿಸಿಲ್ಲವಲ್ಲ ಎಂದು
ಬರೀ ಅಂದುಕೊಂಡೆ.

ಏಳನೆಯದಕ್ಕೆ ಒಂದು ಸಲ ಸುರಿದೆನೋ, ಎರಡು ಸಲವೋ?
ಟಾರ್ಚು ಬಿಟ್ಟೆ. ತಳದಲ್ಲಿ ಬೂದು ಇದೆ.
ಎಲ್ಲದರಲ್ಲೂ ಇದೆ. ನೋಡಿದಷ್ಟೂ
ಒಂದರಲ್ಲಿ ಜಾಸ್ತಿ ಕಾಣುತ್ತದೆ, ಪ್ರತಿ ಸಲ ಬೇರೆ ಒಂದರಲ್ಲಿ.
"ಚಿಪ್ಪು ಸಮೇತ ತೂಗಿದ್ರೆ ಗೊತ್ತಾಗತ್ತಲ್ಲ," ಅಂದೆ,
ಅಕ್ಕಸಾಲಿಯ ಜಂಬದಲ್ಲಿ.
"ಚಿಪ್ಪಿನಿಂದ ಚಿಪ್ಪಿಗೆ ತೂಕ ಬೇರೆ. ನಿನ್ನ ಅನುಮಾನಾನ
ಯಾವ ತ್ರಾಸೂ ತೂಗಲ್ಲ ಆಚಾರಿ. ಸುರಿ."

ಸುರಿದೆ. ಏಳನ್ನೂ.

ನೆಲಕ್ಕೆ ನಾಲ್ಕು ಕಾಳು ಬಿತ್ತು. ನಮ್ಮಲ್ಲಿ ಅಂಗಡಿಯ ಕಸವನ್ನೂ
ಗುಡಿಸಿ ಕಟ್ಟಿಡುತ್ತೇವೆ, ವರ್ಷಕ್ಕೊಮ್ಮೆ ಜಲಗಾರರು ಬಂದು
ತೊಳೆದು ಚಿನ್ನ ತೆಗೆಯುತ್ತಾರೆ. ಅದೇ ಅಭ್ಯಾಸ, ಬೆರಳ ತುದಿಗೆ
ಎಂಜಲು ಹಚ್ಚಿ ಬಗ್ಗಿದೆ.
"ಏಯ್!" ಇಡೀ ರಾಮನಹಳ್ಳಿಗೆ ಕೇಳಿರಬೇಕು.
ಒದ್ದೆ ಬಟ್ಟೆ ಕೈಗಿಟ್ಟರು. ಒರೆಸಿದೆ.

ಸಂಜೆಗೆ ಐದು ತೋಟಾ. ಮಧ್ಯಾಹ್ನವೆಲ್ಲ ಕೂತು, ಐದು.
ಓಲೆ ಕಟ್ಟಿಕೊಡುವ ಗುಲಾಬಿ ಕಾಗದದಲ್ಲಿ ಸುತ್ತಿ ಡಬ್ಬಿಗಿಟ್ಟು
ತಾರೀಕು ಬರೆದೆ, ಮೇಲೆ ಬೀಗ.
ಮನೆಗೆ ಹೋಗಿ ಎರಡೆರಡು ಸಲ ಕೈ ತೊಳೆದು
ಅಮ್ಮನ ಮದ್ದು ತೇದೆ.

ಭಾನುವಾರ ರೇಂಜಿನಲ್ಲಿ ಮೊದಲನೆಯದನ್ನು ತುಂಬುವಾಗ
ಕೈ ನಡುಗಲಿಲ್ಲ, ಹೊಟ್ಟೆ ನಡುಗಿತು.
ಢಂ.
ಪಕ್ಕದಲ್ಲಿ ಗುರಿ ಹಿಡಿದಿದ್ದವನು ತಿರುಗಿಯೂ ನೋಡಲಿಲ್ಲ.
ಎಲ್ಲರ ಸದ್ದಿನ ಹಾಗೇ ಇತ್ತು ಸದ್ದು.
ಮೇಷ್ಟ್ರು ಬಿದ್ದ ಚಿಪ್ಪನ್ನೆತ್ತಿ, ಊದಿ, ಬುಡ ತಿರುಗಿಸಿ ನೋಡಿ,
ಕೇಳದ ಕಿವಿಯ ಹತ್ತಿರ ಹಿಡಿದು ಆಲಿಸಿದ ಹಾಗೆ ಮಾಡಿದರು.
"ಒಂದು," ಅಂದರು.
ಇನ್ನೂ ನಾಲ್ಕಿದ್ದವು.