ಗಂಟಿನ ಒಳಗಿನ ಬಣ್ಣ

ಬಾನೆಟ್ಟಿನ ಒಳಮೈಗೆ ಅಂಟಿಸಿದ್ದ ನಕ್ಷೆಯ ಚೀಟಿ
ಯಾವ ಕಾಲದಲ್ಲೋ ಬೆಂದು ಉದುರಿದೆ.
ಉಳಿದಿರುವುದು ಗೋಂದಿನ ಚೌಕ,
ಅದಕ್ಕೆ ಅಂಟಿ ಸತ್ತ ಒಂದು ಕಟ್ಟಿರುವೆ.

ಬನ್ನಿಮಂಟಪದ ಶೆಡ್ಡು. ಇನ್ನೂ ಹತ್ತು ಗಂಟೆ ಆಗಿಲ್ಲ.
ಎಂಜಿನ್ ಸ್ವಲ್ಪ ಕಾದರೆ ಸಾಕು
ತಗಡಿನ ಸಂದಿಗಳಿಂದ ಬೆಲ್ಲದ ಘಮ:
ಪಾಂಡವಪುರದ ಆಲೆಮನೆಗಳಿಂದ ಮಂಡ್ಯದ ಮಂಡಿಗೆ
ಇಪ್ಪತ್ತೆರಡು ವರ್ಷ ಅಚ್ಚು ಹೊತ್ತ ಷೆವರ್ಲೆ ಪಿಕಪ್ಪು.
ಬಣ್ಣ ಹಸಿರೋ ನೀಲಿಯೋ, ಆರ್.ಸಿ. ಪುಸ್ತಕಕ್ಕೂ ಅನುಮಾನ.

ರಬ್ಬರ್ ಪೈಪುಗಳೆಲ್ಲ ಒಣ ಹುಣಸೆ ಸಿಪ್ಪೆ.
ಮುಟ್ಟಿದರೆ ಮುರಿದವು.
ಯಾವುದು ಎಲ್ಲಿಂದ ಎಲ್ಲಿಗೆ ಎಂದು ನೋಡುವ ಮೊದಲೇ
ಎಲ್ಲ ನೆಲದ ಮೇಲಿದ್ದವು.
ತಪ್ಪು ನನ್ನದು. ಬೈದದ್ದು ಸುಹೇಲನನ್ನು.

"ಇದ್ರೊಳಗೆ ಏನ್ ಹರೀತದಣ್ಣ?"
ಪೆಟ್ರೋಲಿಗೆ ಬೇರೆ ದಾರಿ, ನೀರಿಗೆ ಬೇರೆ.
ಇದರಲ್ಲಿ ಏನೂ ಹರಿಯಲ್ಲ ಕಣೋ.
ಎಂಜಿನ್ ಉಸಿರು ಎಳೆದುಕೊಂಡಾಗ ಒಂದು ಖಾಲಿ ಆಗುತ್ತಲ್ಲ,
ಅದನ್ನು ಹಂಚುವ ಪೈಪು.
ಒಂದಿಷ್ಟು ಖಾಲಿ ಬ್ರೇಕಿಗೆ,
ಒಂದಿಷ್ಟು ಡಿಸ್ಟ್ರಿಬ್ಯೂಟರಿಗೆ,
ಮಿಕ್ಕಿದ್ದು ವೈಪರಿಗೆ.
ಕೂದಲಷ್ಟು ಬಿರುಕು ಬಿಟ್ಟರೂ
ಹೊರಗಿನ ಗಾಳಿ ಕದ್ದು ನುಗ್ಗಿ
ಗಾಡಿ ನಿಂತಲ್ಲೇ ಬಿಕ್ಕುತ್ತದೆ.
ಅವನು ಸ್ಪ್ಯಾನರ್ ಒರೆಸುತ್ತ ನೋಡಿದ,
ನಾನು ಚಂದಾ ಕೇಳಲು ಬಂದವನ ಹಾಗೆ.

ಈ ಕಡೆ ನಾಲ್ಕು ನಿಪ್ಪಲ್ಲು, ಆ ಕಡೆ ಮೂರು.
ಬ್ರೇಕಿನದು ದಪ್ಪ, ತಾನಾಗೇ ಗೊತ್ತಾಯಿತು.
ಉಳಿದವನ್ನು ಅದಲು ಬದಲು ಮಾಡಿ ನೋಡಿದೆವು:
ಒಮ್ಮೆ ಹುಚ್ಚು ಕುದುರೆ, ಒಮ್ಮೆ ಸತ್ತ ಹೆಣ.

ಪ್ರತಿ ನಿಪ್ಪಲ್ಲಿನ ಕೊರಳಿಗೂ ಒಂದೊಂದು ದಾರ.
ಕಟ್ಟಿದ್ದು ವಹಾಬ್ ಮೇಸ್ತ್ರಿ. ಅಕ್ಷರ ಬಾರದವರು.
ಹೆಂಡತಿ ಜುಲೇಖಾಬಿ ರೇಷ್ಮೆ ಫ್ಯಾಕ್ಟರಿಯಿಂದ
ಸೆರಗಿಗೆ ಅಂಟಿ ಬಂದ ಎಳೆಗಳನ್ನು
ಎಲೆಅಡಿಕೆ ಡಬ್ಬಿಯಲ್ಲಿ ಕೂಡಿಟ್ಟು ಕೊಡುತ್ತಿದ್ದರಂತೆ.
ಎರಡು ತುದಿಗೆ ಒಂದೇ ಬಣ್ಣ, ನಡುವೆ ಪೈಪು:
ಅಷ್ಟೇ ಅವರ ನಕ್ಷೆ.
ಈಗ ಮೇಸ್ತ್ರಿ ಇಲ್ಲ.
ದಾರಗಳೆಲ್ಲ ಒಂದೇ ಬಣ್ಣ, ಆಯಿಲ್ ಕುಡಿದ ಮಣ್ಣು.

ಲಿಂಗಾಜಮ್ಮಣ್ಣಿ ಸ್ಟೂಲಿನ ಮೇಲೆ ಕೂತಿದ್ದಾರೆ,
ಎಪ್ಪತ್ತು ದಾಟಿದವರು, ಸೊಂಟದಲ್ಲಿ ಕೀಗೊಂಚಲು.
ಈ ಗಾಡಿ ಓಡಿಸುವವರು ಅವರೇ.
"ಚಾಮುಂಡಿ ಬೆಟ್ಟ ಹತ್ತೋವಾಗ ಮಳೆ ಬಂದ್ರೆ
ವೈಪರ್ ನಿಂತ್ಹೋಗೋದು ಕಣಪ್ಪ.
ಆಕ್ಸಿಲೇಟರಿಂದ ಕಾಲ್ ತೆಗೆದ್ರೆ ಒಂದ್ಸಲ ಒರೆಸೋದು.
ರಸ್ತೆ ಕಾಣ್ಬೇಕೋ, ಮೇಲಕ್ಕೋಗ್ಬೇಕೋ, ಒಂದ್ ಹೇಳು ಅನ್ನೋ ಹಂಗೆ."
ನಕ್ಕರು. ಆಮೇಲೆ ಬಗ್ಗಿ ನೋಡಿ,
"ಆ ಗಂಟು ಬಿಚ್ಚು.
ಹಳೇ ಸೀರೆ ಕುಚ್ಚು ಬಿಚ್ಚಿದೀಯಾ ಯಾವತ್ತಾದ್ರೂ?"

ಜೆಟ್ ಚುಚ್ಚುವ ಸೂಜಿಯಿಂದ ಬಿಚ್ಚಿದೆ.
ಗಂಟಿನ ಹೊಟ್ಟೆಯಲ್ಲಿ, ಕಾವೂ ಜಿಡ್ಡೂ ತಲುಪದಲ್ಲಿ,
ಅರ್ಧ ಅಕ್ಕಿಕಾಳಿನಷ್ಟು ಕುಂಕುಮ ಕೆಂಪು.
ಪಕ್ಕದ್ದರಲ್ಲಿ ಗಿಳಿಹಸಿರು.
ಡಿಸ್ಟ್ರಿಬ್ಯೂಟರಿನ ಕೊರಳಲ್ಲೂ ಅದೇ ಗಿಳಿಹಸಿರು.
ಸುಹೇಲ್ ಶಿಳ್ಳೆ ಹೊಡೆದ.

ಇನ್ನು ದಾರಿ ಹಾಸುವ ಕೆಲಸ.
ಸೈಲೆನ್ಸರಿನಿಂದ ಒಂದು ಗೇಣು ದೂರ,
ಫ್ಯಾನ್ ಬೆಲ್ಟಿನ ಕಡೆ ತಲೆ ಹಾಕದಂತೆ,
ಮಡಿಕೆ ಬೀಳದಂತೆ,
ಕರು ಕಟ್ಟಿದ ಹಗ್ಗದಷ್ಟು ಸಡಿಲ ಬಿಟ್ಟು.

ನಾಲ್ಕನೇ ಗಂಟು ಬಿಚ್ಚಿದರೆ ಒಳಗೂ ಬಿಳಿ.
ಅದಕ್ಕೆ ಜೋಡಿ ಎಲ್ಲೂ ಇಲ್ಲ.
ಊಟದ ಹೊತ್ತಿನವರೆಗೂ ಹುಡುಕಿ
ಕೊನೆಗೆ ರಬ್ಬರ್ ಟೊಪ್ಪಿ ಹಾಕಿ ಮುಚ್ಚಿದೆ.
ಬಿಳಿ ಎಂದರೆ ಮುಚ್ಚು ಅಂತಲೋ,
ಅವತ್ತು ಡಬ್ಬಿಯಲ್ಲಿ ಬಣ್ಣ ಮುಗಿದಿತ್ತೋ.

ಎರಡು ಕೆಮ್ಮು. ಆಮೇಲೆ
ಉಂಡು ಮಲಗಿದವರ ಉಸಿರಿನ ಹಾಗೆ ಒಂದೇ ಸಮ.
ಲಿಂಗಾಜಮ್ಮಣ್ಣಿ ಹತ್ತಿ ಕೂತು
ವೈಪರಿನ ಗುಂಡಿ ತಿರುಗಿಸಿದರು.
ಫೆಬ್ರವರಿ. ಮೋಡದ ಚೂರೂ ಇಲ್ಲ.
ಒಣ ಗಾಜಿನ ಮೇಲೆ ಕರ್ರಕ್, ಕರ್ರಕ್.
"ಗಾಜು ಗೀಚ್ತದೆ ಅಮ್ಮಣ್ಣಿ, ನಿಲ್ಸಿ" ಅಂದೆ.
ಕೇಳಿಸಲಿಲ್ಲವೇನೋ.
ಆಕ್ಸಿಲೇಟರ್ ಒತ್ತಿದರು. ನಿಂತಿತು.
ಕಾಲು ತೆಗೆದರು.
ಒಂದು ಸಲ ಒರೆಸಿತು.