ಮೂರನೆಯ ನೀರು

ಅಕ್ಟೋಬರ್. ಬುಲವಾಯೊದ ನಲ್ಲಿ
ಐದು ದಿನದಿಂದ ಬಾಯಿಬಿಟ್ಟಿಲ್ಲ.

ಮೊದಲ ನೀರು ಮೊಮ್ಮಗನ ಮೈಗೆ,
ಅದೇ ನೀರು ಆಮೇಲೆ ನೆಲ ಒರೆಸಲಿಕ್ಕೆ,
ಉಳಿದದ್ದು, ಬೂದು ಬಣ್ಣದ್ದು, ಸೋಪಿನ ವಾಸನೆಯದ್ದು,
ಟೊಮೇಟೊ ಬುಡಕ್ಕೆ.
ಎಲೆಗೆ ತಾಗಿಸಬೇಡವೋ, ಎಂದು ಗದರುತ್ತಾಳೆ.

ಮದುವೆಯಲ್ಲಿ ಬಂದ ಲೇಸಿನ ಪರದೆ
ಈಗ ಸೊಪ್ಪಿನ ಪಾತಿಗೆ ಚಪ್ಪರ;
ಕೆಳಗೆ ಎಲೆಗಳು ಮಧ್ಯಾಹ್ನ ಸತ್ತಂತೆ ನಟಿಸಿ
ಸಂಜೆಗೆ ಎದ್ದು ಕೂರುತ್ತವೆ, ನಾಚಿಕೆಯಿಲ್ಲದೆ.

ನೊಮಲಂಗ ಎಂದರೆ ಬಿಸಿಲಿನವಳು.
ಹೆಸರಿಟ್ಟ ಅಪ್ಪನನ್ನೇ ಕೇಳಬೇಕು, ಎಂದು ನಕ್ಕು
ಕುಂಬಳದ ಹೂವಿಗೆ ತನ್ನ ನೆರಳು ಬೀಳುವಂತೆ
ತುಸು ಸರಿದು ನಿಲ್ಲುತ್ತಾಳೆ.

ರಾತ್ರಿ ಎರಡಕ್ಕೆ ನಲ್ಲಿ ಗೊರಗೊರ.
ಬೀದಿಯುದ್ದಕ್ಕೂ ದೀಪ, ಬಕೆಟ್ಟುಗಳ ಸದ್ದು.
ಮೊಮ್ಮಗ ಕೇಳುತ್ತಾನೆ ನಿದ್ದೆಗಣ್ಣಲ್ಲಿ:
ಇವತ್ತು ಟೊಮೇಟೊಗೆ ಮೊದಲ ನೀರಾ, ಅಜ್ಜಿ?