ಕಾರಣ ಕೇಳಿದ ನೋಟೀಸಿಗೆ

ಮಾನ್ಯರೇ,
ತಮ್ಮ ಪತ್ರ ತಲುಪಿತು. ಕೊಟ್ಟ ಏಳು ದಿನದಲ್ಲಿ ಐದು
ಪೆನ್ನಿನ ಮುಚ್ಚಳ ಕಚ್ಚುವುದರಲ್ಲೇ ಹೋದವು.
ಪಠ್ಯದಲ್ಲಿಲ್ಲದ್ದನ್ನು ಹೇಳಿಕೊಟ್ಟಿರಂತೆ, ನಿಜವೇ ಎಂದು ಕೇಳಿದ್ದೀರಿ.
ನಿಜ.

ಪಠ್ಯದಲ್ಲಿರುವುದು ಒಂದೂವರೆ ಸಾಲು:
ಕನ್ನಡಿ ಹೊಲಿದ ಲಂಗ, ತೋಳ ತುಂಬ ಬಳೆ,
ಬಣ್ಣಬಣ್ಣದ ಜನ, ಕುಣಿಯುತ್ತಾರೆ.
ಓದಿ ಮುಗಿಸುವಷ್ಟರಲ್ಲಿ ಇಡೀ ಏಳನೇ ತರಗತಿ
ನಿವೇದಿತಾ ಬಾಯಿಯ ಕಡೆ ತಿರುಗಿತ್ತು.
ಅವಳು ಯೂನಿಫಾರಂ ತೋಳನ್ನು
ಮಣಿಕಟ್ಟಿನತ್ತ ಎಳೆದೆಳೆದು ಕೂತಳು.
ಅಲ್ಲಿ ಒಂದು ಬಳೆಯೂ ಇರಲಿಲ್ಲ.

ಅದಕ್ಕೇ ಶನಿವಾರ ಅವಳಜ್ಜಿ ಹೇಮ್ಲಿಬಾಯಿಯನ್ನು ಕರೆಸಿದೆ.
ಕುರ್ಚಿ ಕೊಟ್ಟರೆ ಒಲ್ಲೆ ಅಂದಳು. ಹೊಸಿಲ ಪಕ್ಕ ನೆಲಕ್ಕೇ ಕೂತು
ಎತ್ತುಗಳ ಮಾತು ತೆಗೆದಳು.
ನೂರೆತ್ತು, ನೂರರ ಬೆನ್ನ ಮೇಲೂ ಉಪ್ಪು,
ಹಿರೇಕಲ್ಲು ಗುಡ್ಡದ ಬುಡದಲ್ಲಿ ಒಂದಿರುಳು ಬೀಡು.
ಅದಕ್ಕೆ ಲದೇಣಿ ಅನ್ನುತ್ತಾರಂತೆ.
ಅರಸೀಕೆರೆಗೆ ರೈಲು ಬಂತು. ಉಪ್ಪು ರೈಲು ಹತ್ತಿತು,
ಎತ್ತು ಸಂತೆ ಸೇರಿದವು.
ಆಮೇಲೆ ಅವಳ ತಾತ ಒಂದೂರು ದಾಟಲೂ
ಠಾಣೆಯಲ್ಲಿ ಹೆಬ್ಬೆಟ್ಟು ಒತ್ತಬೇಕಿತ್ತು,
ಕದ್ದದ್ದಕ್ಕಲ್ಲ, ಹುಟ್ಟಿದ್ದಕ್ಕೆ.
ಹೇಗೆಂದು ನಮ್ಮ ಸಿಮೆಂಟು ನೆಲಕ್ಕೆ
ಬೆರಳು ಹೊರಳಿಸಿ ತೋರಿಸಿದಳು.

ಕೆಲವರು ಆಕಳಿಸಿದರು, ಸುಳ್ಳು ಯಾಕೆ ಹೇಳಲಿ.
ಗೋರ್ ಅಂದರೆ ನಾವು, ಕೋರ್ ಅಂದರೆ ಮಿಕ್ಕೋರು, ಅಂದಳು ಮುದುಕಿ.
ಎಸ್‌ಡಿಎಂಸಿ ಅಧ್ಯಕ್ಷರ ಮಗ ದಿಗ್ಗನೆದ್ದು
‘ಹಂಗಾದ್ರೆ ನಾನು ಕೋರಾ ಮಿಸ್?’ ಅಂದ.
ಮನೆಗೆ ಹೋಗಿಯೂ ಅಂದಿರಬೇಕು.
ಮಕ್ಕಳಲ್ಲಿ ಭೇದ ಬಿತ್ತುತ್ತಾರೆಂಬ ದೂರು ಅಲ್ಲಿಂದ ಹೊರಟದ್ದು.
ಬಿತ್ತಿದ್ದು ನಾನಲ್ಲ. ಎದೆಮಟ್ಟ ಬೆಳೆದು ನಿಂತ ಪೈರಿಗೆ
ಹೆಸರೇನೆಂದು ಕೇಳಿದೆ, ಅಷ್ಟೆ.

ಆದರೆ ದೂರಿನ ಕೆಳಗೆ ಆರನೆಯ ಸಹಿ ನೋಡಿ:
ಸೋಮ್ಲಾನಾಯ್ಕ. ಕೊಬ್ಬರಿ ಲಾರಿಯ ಡ್ರೈವರು, ನಿವೇದಿತಾಳ ಅಪ್ಪ.
ಮಕಾರದ ಕೆಳಗೆ ಆ ಲ ಒತ್ತನ್ನು
ಕೈ ಹಿಡಿದು ತಿದ್ದಿಸಿದವಳು ನಾನೇ.
ನಾನು ಹೊಸದಾಗಿ ಸೇರಿದ ವರ್ಷ, ಇದೇ ಕೋಣೆಯಲ್ಲಿ,
ಅಮ್ಮನಿಗೆ ಯಾಡಿ ಅಂದರೆ ಎಂಟಾಣೆ ದಂಡ.
ಸೋಮ್ಲಾ ಒಬ್ಬನದೇ ಹದಿನೇಳು ರೂಪಾಯಿ ಆಯಿತು.
ಹೇಮ್ಲಿಬಾಯಿ ಸೀತಾಫಲ ಮಾರಿ ಕಟ್ಟಿದಳು.
ಎಲ್ಲರ ದಂಡ ಕೂಡಿಸಿ ಒಂದು ಗ್ಲೋಬು ತಂದೆವು.
ದಾಸ್ತಾನು ಪುಸ್ತಕದಲ್ಲಿ ಈಗಲೂ ಇದೆ:
ಗ್ಲೋಬು, ಒಂದು, ಸುಸ್ಥಿತಿಯಲ್ಲಿ.

ಮೊನ್ನೆ ಗೇಟಿನ ಹತ್ತಿರ ಲಾರಿ ನಿಲ್ಲಿಸಿ ಬಂದಿದ್ದ.
‘ಅವ್ವಂಗೆ ಗೊತ್ತಿರೋದು ಅವ್ವನ ಹತ್ರಾನೇ ಇರ್ಲಿ ಮಿಸ್.
ನನ್ ಮಗಳ್ನ ಯಾರೂ ತಿರುಗಿ ನೋಡ್ಬಾರ್ದು.
ನೀವೇ ಕಲಿಸಿದ್ದಲ್ವಾ?’
ಅವ್ವ ಅಂದ. ಒಂದು ಸಲವೂ ನಾಲಿಗೆ ತಪ್ಪಲಿಲ್ಲ.
ಇಪ್ಪತ್ತನಾಲ್ಕು ವರ್ಷದ ಸೇವೆಯಲ್ಲಿ
ನನ್ನ ಪಾಠವನ್ನು ಇಷ್ಟು ಚೆನ್ನಾಗಿ ಒಪ್ಪಿಸಿದವರು
ಬೇರೆ ಯಾರೂ ನೆನಪಾಗುತ್ತಿಲ್ಲ.

ಗೋಡೆಗೆ ಮಕ್ಕಳು ಬರೆದ ಪದಗಳನ್ನು ಅಳಿಸಿ ಎಂದಿರಿ.
ಸುಣ್ಣ ಹೊಡೆಸಿದ್ದೇನೆ, ರಸೀದಿ ಲಗತ್ತಿಸಿದೆ.
ದುಡ್ಡಿದ್ದದ್ದು ಒಂದೇ ಕೋಟಿಗೆ.
ಮಧ್ಯಾಹ್ನದ ಬಿಸಿಲು ಓರೆಯಾಗಿ ಬಿದ್ದಾಗ
ಬಾಟಿ ಅನ್ನುವುದು ಇನ್ನೂ ಓದಲು ಬರುತ್ತದೆ.

ಈ ಶನಿವಾರ ಮುದುಕಿ ಬರುತ್ತಾಳೋ ಇಲ್ಲವೋ, ಗೊತ್ತಿಲ್ಲ.
ಮಗ ಬಿಡಲಾರ.
ಹೊಸಿಲ ಪಕ್ಕ ಚಾಪೆ ಹಾಸಿಟ್ಟಿದ್ದೇನೆ.
ಕಳೆದ ಸಲ ಅದು ಹೊಳೆದಿರಲಿಲ್ಲ.

ಇಂತಿ,
ಪಂಕಜಾಕ್ಷಿ ಬಿ. ಎಸ್.
ಸಹಶಿಕ್ಷಕಿ, ಅರಸೀಕೆರೆ ತಾಲ್ಲೂಕು